ಟರ್ಬೋ ಕಾರಿನ ಎಕ್ಸಾಸ್ಟ್ ಮ್ಯಾನಿಫೋಲ್ಡ್: ಆರಿಸುವಾಗ, ಕಟ್ಟುವಾಗ ಪದೇ ಪದೇ ಕೇಳುವ ಪ್ರಶ್ನೆಗಳು

ಇಲ್ಲಿನ ಲೆಕ್ಕಗಳೆಲ್ಲ 1.4ರಿಂದ 2 ಲೀಟರಿನ, ನಾಲ್ಕು ಸಿಲಿಂಡರಿನ ಪೆಟ್ರೋಲ್ ಎಂಜಿನ್ನಿಗೆ ಹೊಂದುವಂಥವು. ಮೂರು ಸಿಲಿಂಡರ್, ಡೀಸೆಲ್ ವಿಷಯ ಬಂದ ಕಡೆ ಬೇರೆಯಾಗಿ ಹೇಳಿದ್ದೇನೆ. ಎಂಜಿನ್ನಿನ ಸುಟ್ಟ ಹೊಗೆಯನ್ನು ಒಟ್ಟುಮಾಡಿ ಟರ್ಬೋಗೆ ಕೊಡುವ ಭಾಗವೇ ಎಕ್ಸಾಸ್ಟ್ ಮ್ಯಾನಿಫೋಲ್ಡ್. ಟರ್ಬೋ ಆ ಹೊಗೆಯ ಬಲದಿಂದ ತನ್ನ ಟರ್ಬೈನ್ ಚಕ್ರ ತಿರುಗಿಸಿಕೊಂಡು ಎಂಜಿನ್ನಿಗೆ ಒತ್ತಡದ ಗಾಳಿ ತುಂಬುತ್ತದೆ. ಆ ಒತ್ತಡಕ್ಕೆ ಬೂಸ್ಟ್ ಅನ್ನುತ್ತಾರೆ. ರನ್ನರ್ ಅಂದರೆ ಸಿಲಿಂಡರ್ ಹೆಡ್ಡಿನ ಒಂದೊಂದು ಪೋರ್ಟಿನಿಂದ (ಹೊಗೆ ಹೊರಬರುವ ಬಾಯಿಯಿಂದ) ಹೊರಡುವ ಪೈಪು. ಕಲೆಕ್ಟರ್ ಅಂದರೆ ಆ ಪೈಪುಗಳೆಲ್ಲ ಸೇರುವ ಜಾಗ.

ಟರ್ಬೋ ಇಲ್ಲದ ಕಾರಿನ ಹೆಡರ್‌ಗೂ ಟರ್ಬೋ ಮ್ಯಾನಿಫೋಲ್ಡ್‌ಗೂ ಏನು ವ್ಯತ್ಯಾಸ? ಎರಡೂ ಪೈಪೇ ಅಲ್ವಾ?

ಹೆಡರ್ ಹೊಗೆಯನ್ನು ಸಾಗಿಸುತ್ತದೆ, ಅಷ್ಟೇ. ಟರ್ಬೋ ಮ್ಯಾನಿಫೋಲ್ಡ್ ಹೊಗೆಯನ್ನೂ ಸಾಗಿಸಬೇಕು, ಟರ್ಬೋವನ್ನೂ ಹೊರಬೇಕು. ಸಣ್ಣ ಟರ್ಬೋ ಒಂದೇ ಐದಾರು ಕಿಲೋ ತೂಗುತ್ತದೆ. ಅದರ ಜೊತೆಗೆ ವೇಸ್ಟ್‌ಗೇಟ್ (ಹೆಚ್ಚಿನ ಹೊಗೆಯನ್ನು ಟರ್ಬೈನಿನ ಪಕ್ಕಕ್ಕೆ ಬಿಡುವ ಗೇಟು), ಡೌನ್‌ಪೈಪ್ (ಟರ್ಬೋದಿಂದ ಸೈಲೆನ್ಸರ್ ಕಡೆಗೆ ಹೋಗುವ ಪೈಪು) ಸೇರುತ್ತವೆ. ಇವೆಲ್ಲ ತುದಿಯಲ್ಲಿ ನೇತಾಡುತ್ತಾ ಎಂಜಿನ್ ಜೊತೆ ಅದುರುತ್ತಿರುತ್ತವೆ. ಅದೇ ಹೊತ್ತಿಗೆ ಒಳಗೆ ಹೋಗುವ ಗ್ಯಾಸು ಪೂರ್ತಿ ಲೋಡಿನಲ್ಲಿ 900–950 ಡಿಗ್ರಿ ಇರುತ್ತದೆ. ಈಗಿನ ಕೆಲವು ಪೆಟ್ರೋಲ್ ಎಂಜಿನ್ನುಗಳಲ್ಲಿ 1,000 ದಾಟುವುದೂ ಉಂಟು. ಆ ಬಿಸಿಯಲ್ಲಿ ಉಕ್ಕಿಗೆ ತಣ್ಣಗಿರುವಾಗಿನ ಬಲದಲ್ಲಿ ಸಣ್ಣ ಪಾಲು ಮಾತ್ರ ಉಳಿದಿರುತ್ತದೆ.

ಹಾಗಾಗಿ ನನ್ನ ಲೆಕ್ಕದಲ್ಲಿ ಇದು ಮೊದಲು ಬ್ರಾಕೆಟ್, ಆಮೇಲೆ ಪೈಪು. ಹರಿವು, ಉದ್ದ, ನೋಟ ಎಲ್ಲ ಆಮೇಲೆ. ಬಿರುಕು ಬಿಟ್ಟ ಮ್ಯಾನಿಫೋಲ್ಡಿನಿಂದ ಒಂದು ಕುದುರೆಶಕ್ತಿಯೂ ಸಿಗುವುದಿಲ್ಲ.

ನನ್ನ ಕಾರಿನ ಮ್ಯಾನಿಫೋಲ್ಡ್ ಬದಲಾಯಿಸಬಹುದಾ?

ಮೊದಲು ಅದಕ್ಕೊಂದು ಬಿಡಿ ಮ್ಯಾನಿಫೋಲ್ಡ್ ಇದೆಯಾ ಅಂತ ನೋಡಿ. ಫೋಕ್ಸ್‌ವ್ಯಾಗನ್, ಸ್ಕೋಡಾ ಕಾರುಗಳ 1.0 ಟಿಎಸ್‌ಐ ಎಂಜಿನ್ನಿನಲ್ಲಿ ಮ್ಯಾನಿಫೋಲ್ಡು ಸಿಲಿಂಡರ್ ಹೆಡ್ಡಿನ ಒಳಗೇ ಎರಕವಾಗಿದೆ. ಸುತ್ತಲೂ ಕೂಲೆಂಟ್ ಹರಿಯುತ್ತದೆ. ಫೋರ್ಡ್ ಇಕೋಸ್ಪೋರ್ಟಿನ 1.0 ಇಕೋಬೂಸ್ಟ್ ಕೂಡ ಹಾಗೆಯೇ. ಹೆಡ್ಡಿನಿಂದ ಹೊರಗೆ ಬರುವುದು ಒಂದೇ ಬಾಯಿ, ಟರ್ಬೋ ನೇರ ಅದಕ್ಕೇ ಬೋಲ್ಟ್ ಆಗುತ್ತದೆ. ಇಂಥ ಎಂಜಿನ್ನಿಗೆ "ಮ್ಯಾನಿಫೋಲ್ಡ್ ಹಾಕಿಕೊಡ್ತೀವಿ" ಅಂತ ಯಾರಾದರೂ ಹೇಳಿದರೆ ಅವರಿಗೆ ಆ ಎಂಜಿನ್ ಗೊತ್ತಿಲ್ಲ ಅಂತ ಅರ್ಥ.

ಇನ್ನು ಕೆಲವು ಕಾರುಗಳಲ್ಲಿ ಮ್ಯಾನಿಫೋಲ್ಡೂ ಟರ್ಬೈನ್ ಹೌಸಿಂಗೂ (ಟರ್ಬೈನ್ ಚಕ್ರದ ಹೊರಕವಚ) ಸೇರಿ ಒಂದೇ ಎರಕ. ಅಲ್ಲಿ ಒಂದನ್ನು ಬದಲಾಯಿಸಿದರೆ ಇನ್ನೊಂದನ್ನೂ ಬದಲಾಯಿಸಲೇಬೇಕು.

ಲಾಗ್, ಎರಕ, ಟ್ಯೂಬುಲರ್: ಯಾವುದು ತಗೊಳ್ಳಲಿ?

ಲಾಗ್ ಅಂದರೆ ಒಂದು ಉದ್ದ ಪೈಪು, ಅದಕ್ಕೆ ನಾಲ್ಕು ಮೊಟಕು ಕವಲು. ಗಿಡ್ಡ, ಗಟ್ಟಿ, ಅಗ್ಗ. ಒಳಗಿನ ಜಾಗ ಕಡಿಮೆ ಇರುವುದರಿಂದ ಟರ್ಬೋ ಬೇಗ ಎದ್ದೇಳುತ್ತದೆ. ಅದರ ದೋಷ ಅಂದರೆ ಒಂದು ಸಿಲಿಂಡರಿನ ಹೊಗೆ ಇನ್ನೊಂದರ ಬಾಯಿಗೆ ನುಗ್ಗುತ್ತದೆ. ಹೆಚ್ಚು ಆರ್‌ಪಿಎಂನಲ್ಲಿ ಉಸಿರು ಕಟ್ಟುತ್ತದೆ.

ಟ್ಯೂಬುಲರ್‌ನಲ್ಲಿ ಪ್ರತಿ ಪೋರ್ಟಿಗೂ ತನ್ನದೇ ರನ್ನರ್ ಇರುತ್ತದೆ. ಮೇಲಿನ ಆರ್‌ಪಿಎಂನಲ್ಲಿ ಇದೇ ವಾಸಿ. ಆದರೆ ಬೆಸುಗೆ ಜಾಸ್ತಿ, ಬಿರುಕು ಬಿಡುವ ಜಾಗವೂ ಜಾಸ್ತಿ.

ಕಂಪನಿಯವರು ಹಾಕಿರುವ ಎರಕದ ಮ್ಯಾನಿಫೋಲ್ಡನ್ನು ಸುಮ್ನೆ ಹಗುರವಾಗಿ ಕಾಣಬೇಡಿ. ಸಾವಿರಾರು ಸಲ ಕಾಯಿಸಿ ತಣಿಸಿ ಪರೀಕ್ಷೆ ಮಾಡಿದ ವಸ್ತು ಅದು. ದಿನಾ ಆಫೀಸಿಗೆ ಓಡಿಸುವ ಕಾರು, ಬೂಸ್ಟ್ ಸ್ವಲ್ಪ ಏರಿಸಿದ್ದೀರಿ ಅಷ್ಟೇ ಅಂದರೆ ಅದನ್ನೇ ಇಟ್ಟುಕೊಳ್ಳಿ. ದುಡ್ಡನ್ನು ಇಂಟರ್‌ಕೂಲರಿಗೋ (ಟರ್ಬೋ ಒತ್ತಿದ ಗಾಳಿಯನ್ನು ತಣಿಸುವುದು) ಒಳ್ಳೆಯ ಟ್ಯೂನಿಂಗಿಗೋ ಹಾಕಿ. ಟರ್ಬೋ ಇಲ್ಲದ ಎಂಜಿನ್ನಿಗೆ ಟರ್ಬೋ ಕೂರಿಸುತ್ತಿದ್ದೀರಾ? ಕಂಪನಿಯ ಫ್ಲೇಂಜಿಗೆ (ಬೋಲ್ಟ್ ಹಾಕಿ ಬಿಗಿಯುವ ಚಪ್ಪಟೆ ಪ್ಲೇಟಿಗೆ) ಹೊಂದದ ದೊಡ್ಡ ಟರ್ಬೋ ಬೇಕಾ? ಆಗ ಮಾತ್ರ ಕಟ್ಟುವ ಮಾತು.

ಎಲ್ಲ ರನ್ನರ್ ಸಮ ಉದ್ದ ಇದ್ದರೆ ಪವರ್ ಜಾಸ್ತಿ ಅಂತಾರಲ್ಲ?

ಟರ್ಬೋ ಇಲ್ಲದ ರೇಸ್ ಎಂಜಿನ್ನಿನಲ್ಲಿ ಉದ್ದ ಸರಿಹೊಂದಿಸಿ ಅಲೆಗಳನ್ನು ಪಳಗಿಸುವುದು ದೊಡ್ಡ ವಿಷಯ. ಟರ್ಬೋದಲ್ಲಿ ಅದರ ಲಾಭ ಕಡಿಮೆ. ಮುಂದೆಯೇ ಟರ್ಬೈನ್ ಅಡ್ಡ ನಿಂತಿರುತ್ತದೆ. ಸಮ ಉದ್ದದಿಂದ ಹೊಗೆಯ ಬಡಿತಗಳು ಸಮಾನ ಅಂತರದಲ್ಲಿ ಟರ್ಬೈನಿಗೆ ಬೀಳುತ್ತವೆ, ಸದ್ದೂ ಚೆನ್ನಾಗಿರುತ್ತದೆ. ಆದರೆ ಅದಕ್ಕಾಗಿ ಹಾವಿನ ಹಾಗೆ ಸುತ್ತಿಸಿದ ಪೈಪು ಶಾಖವನ್ನು ಹೊರಗೆ ಚೆಲ್ಲುತ್ತದೆ, ಒಳಗಿನ ಜಾಗ ಹಿಗ್ಗುತ್ತದೆ, ಬೂಸ್ಟ್ ತಡವಾಗುತ್ತದೆ.

ರಸ್ತೆ ಕಾರಿಗೆ ನನ್ನ ಅಭಿಪ್ರಾಯ ಇಷ್ಟು: ತಿರುವು ಕಡಿಮೆ ಇರಲಿ, ಪೈಪುಗಳು ನಯವಾಗಿ ಸೇರಲಿ. ಎರಡು ರನ್ನರ್‌ಗಳ ನಡುವೆ ನಾಲ್ಕೈದು ಸೆಂ.ಮೀ. ವ್ಯತ್ಯಾಸ ಬಂದರೆ ತಲೆ ಕೆಡಿಸಿಕೊಳ್ಳಬೇಡಿ. ಫೋಟೋದಲ್ಲಿ ಚೆಂದ ಕಾಣುವುದಕ್ಕೆ ಕಟ್ಟಿದ ಮ್ಯಾನಿಫೋಲ್ಡುಗಳು ಬೇಕಾದಷ್ಟಿವೆ.

ಟ್ವಿನ್ ಸ್ಕ್ರೋಲ್ ಬೇಕಾ?

ಟ್ವಿನ್ ಸ್ಕ್ರೋಲ್ ಅಂದರೆ ಸಿಲಿಂಡರುಗಳನ್ನು ಎರಡು ಜೋಡಿ ಮಾಡಿ, ಪ್ರತಿ ಜೋಡಿಯ ಹೊಗೆಯನ್ನು ಬೇರೆ ಬೇರೆ ದಾರಿಯಲ್ಲಿ ಟರ್ಬೈನಿಗೆ ಒಯ್ಯುವುದು. ನಾಲ್ಕು ಸಿಲಿಂಡರಿಗೆ ಇದು ನಿಜಕ್ಕೂ ಕೆಲಸ ಮಾಡುವ ಉಪಾಯ. ಬಹಳಷ್ಟು ಎಂಜಿನ್ನುಗಳು ಸಿಡಿಯುವ ಕ್ರಮ 1-3-4-2. ಒಂದಕ್ಕೂ ಅದರ ಮುಂದಿನದಕ್ಕೂ ಕ್ರ್ಯಾಂಕಿನ 180 ಡಿಗ್ರಿ ಅಂತರ. ಆದರೆ ಎಕ್ಸಾಸ್ಟ್ ವಾಲ್ವು ತೆರೆದಿರುವುದು ಸುಮಾರು 240 ಡಿಗ್ರಿ. ಅಂದರೆ ಒಂದನೇ ಸಿಲಿಂಡರಿನ ವಾಲ್ವು ಇನ್ನೂ ಮುಚ್ಚಿರುವುದಿಲ್ಲ, ಮೂರನೆಯದು ತೆರೆದುಬಿಡುತ್ತದೆ. ಸುಮಾರು 60 ಡಿಗ್ರಿ ಎರಡೂ ತೆರೆದಿರುತ್ತವೆ. ಮೂರನೆಯದರ ಹೊಸ ಬಡಿತ ಒಂದನೆಯದರ ಒಳಕ್ಕೆ ವಾಪಸ್ ನುಗ್ಗುತ್ತದೆ. ಸುಟ್ಟ ಹೊಗೆ ಸಿಲಿಂಡರಿನಲ್ಲಿ ಉಳಿಯುತ್ತದೆ, ನಾಕಿಂಗ್‌ಗೆ (ಇಂಧನ ತಾನಾಗಿಯೇ ಸಿಡಿದು ಎಂಜಿನ್ ಬಡಿದುಕೊಳ್ಳುವುದಕ್ಕೆ) ದಾರಿಯಾಗುತ್ತದೆ.

1 ಮತ್ತು 4 ಒಂದು ಜೋಡಿ, 2 ಮತ್ತು 3 ಇನ್ನೊಂದು ಜೋಡಿ ಮಾಡಿದರೆ ಪ್ರತಿ ಜೋಡಿಯಲ್ಲಿ 360 ಡಿಗ್ರಿ ಅಂತರ ಸಿಗುತ್ತದೆ. ಈ ಜಗಳ ಮುಗಿಯುತ್ತದೆ. ಆದರೆ ಟರ್ಬೈನ್ ಹೌಸಿಂಗೂ ಒಳಗೆ ಗೋಡೆ ಇರುವ ಟ್ವಿನ್ ಸ್ಕ್ರೋಲ್ ಆಗಿರಬೇಕು, ಮ್ಯಾನಿಫೋಲ್ಡಿನ ಗೋಡೆಯೂ ಫ್ಲೇಂಜಿನ ತನಕ ಬರಬೇಕು. ಗೋಡೆ ಇಲ್ಲದ ಹೌಸಿಂಗಿಗೆ ಟ್ವಿನ್ ಸ್ಕ್ರೋಲ್ ಮ್ಯಾನಿಫೋಲ್ಡ್ ಹಾಕಿದರೆ ಅರ್ಧಕ್ಕರ್ಧ ಶ್ರಮ ದಂಡ.

ಮೂರು ಸಿಲಿಂಡರಿನಲ್ಲಿ ಬಡಿತಗಳ ನಡುವೆ 240 ಡಿಗ್ರಿ ಇರುತ್ತದೆ. ಅವು ಒಂದರ ಮೇಲೊಂದು ಬೀಳುವುದೇ ಕಡಿಮೆ. ಅಲ್ಲಿ ಟ್ವಿನ್ ಸ್ಕ್ರೋಲ್ ಬೇಡ.

ಪೈಪಿನ ಸೈಜು ಹೇಗೆ ನಿರ್ಧಾರ ಮಾಡೋದು?

ಪೋರ್ಟನ್ನು ಅಳೆದು ಶುರುಮಾಡಿ. ಒಂದು ಉದಾಹರಣೆ ಲೆಕ್ಕ ಹಾಕೋಣ. ಎಕ್ಸಾಸ್ಟ್ ಪೋರ್ಟಿನ ಬಾಯಿ ಉದ್ದುರುಟು, 40 ಮಿ.ಮೀ. ಅಗಲ, 28 ಮಿ.ಮೀ. ಎತ್ತರ ಇದೆ ಅಂತ ಇಟ್ಟುಕೊಳ್ಳಿ. ನಡುವಿನ 12×28 ಆಯತದ್ದು 336, ಎರಡು ಬದಿಯ ಅರ್ಧವೃತ್ತ ಸೇರಿ 616. ಒಟ್ಟು ಸುಮಾರು 952 ಚದರ ಮಿ.ಮೀ. ಈಗ ಒಂದೂಕಾಲು ಇಂಚಿನ ಷೆಡ್ಯೂಲ್ 40 (ಗೋಡೆಯ ದಪ್ಪದ ದರ್ಜೆ) ಪೈಪು ನೋಡಿ. ಹೊರಗೆ 42.2, ಗೋಡೆ 3.56, ಒಳಗೆ 35 ಮಿ.ಮೀ. ಒಳಗಿನ ವಿಸ್ತೀರ್ಣ 964. ಹೇಳಿ ಮಾಡಿಸಿದ ಹಾಗೆ ಹೊಂದುತ್ತದೆ.

ಸುತ್ತಳತೆಯನ್ನೂ ನೋಡಬೇಕು, ಯಾಕೆಂದರೆ ದುಂಡು ಪೈಪಿನ ತುದಿಯನ್ನು ಉದ್ದುರುಟಾಗಿ ಒತ್ತಬೇಕಲ್ಲ. ಪೋರ್ಟಿನ ಸುತ್ತಳತೆ 112, ಪೈಪಿನ ಒಳಸುತ್ತಳತೆ 110. ಎರಡು ಮಿ.ಮೀ. ವ್ಯತ್ಯಾಸವನ್ನು ಗ್ರೈಂಡರಿನಲ್ಲಿ ಸರಿಮಾಡಬಹುದು. ಪೈಪು ಪೋರ್ಟಿಗಿಂತ ಒಂದು ಕೂದಲು ದೊಡ್ಡದಿದ್ದರೆ ಪರವಾಗಿಲ್ಲ. ಚಿಕ್ಕದಾಗಿ ಹೊಗೆಗೆ ಮೆಟ್ಟಿಲು ಅಡ್ಡ ಬರಬಾರದು.

ಎರಡು ಲೀಟರಿನ ಎಂಜಿನ್ನು, ದೊಡ್ಡ ಬೂಸ್ಟು ಅಂದರೆ ಒಂದೂವರೆ ಇಂಚಿಗೆ ಹೋಗಬಹುದು. ಅದರ ಒಳ ಅಳತೆ 40.9 ಮಿ.ಮೀ. ಅದಕ್ಕಿಂತ ದೊಡ್ಡದು ಈ ಅಳತೆಯ ಎಂಜಿನ್ನಿಗೆ ಬೇಡ. ಹೊಗೆಯ ವೇಗ ಸಾಯುತ್ತದೆ.

ಎಂ.ಎಸ್. (ಮೈಲ್ಡ್ ಸ್ಟೀಲ್, ಮಾಮೂಲಿ ಉಕ್ಕು) ಪೈಪಾ, ಸ್ಟೇನ್‌ಲೆಸ್ಸಾ?

ಎಲ್ಲರೂ ಸ್ಟೇನ್‌ಲೆಸ್ ಅಂತಲೇ ಶುರುಮಾಡುತ್ತಾರೆ. ನಾನು ಮೊದಲ ಮ್ಯಾನಿಫೋಲ್ಡ್ ಕಟ್ಟುವವರಿಗೆ ದಪ್ಪ ಗೋಡೆಯ ಎಂ.ಎಸ್. ಸೀಮ್‌ಲೆಸ್ ಪೈಪು, ಷೆಡ್ಯೂಲ್ 40ರ ವೆಲ್ಡಿಂಗ್ ಎಲ್ಬೋ ತಗೊಳ್ಳಿ ಅಂತಲೇ ಹೇಳುವುದು. ಹಬೆ ಲೈನಿಗೆ ಬಳಸುವ ಸಾಮಾನು ಇದು, ಪೈಪ್ ಫಿಟ್ಟಿಂಗ್ ಅಂಗಡಿಗಳಲ್ಲಿ ಸಿಗುತ್ತದೆ. ಬೆಸೆಯುವುದು ಸುಲಭ, ತಪ್ಪಿದರೆ ಕತ್ತರಿಸಿ ಮತ್ತೆ ಬೆಸೆಯಬಹುದು. ಬಿಸಿಗೆ ಸ್ಟೇನ್‌ಲೆಸ್ಸಿಗಿಂತ ಕಡಿಮೆ ಹಿಗ್ಗುತ್ತದೆ. 550 ಡಿಗ್ರಿ ದಾಟಿದ ಮೇಲೆ ಮೇಲ್ಮೈ ಪೊರೆ ಪೊರೆಯಾಗಿ ಉದುರುತ್ತದೆ ಅನ್ನುವುದು ನಿಜ. ಆದರೆ ಮೂರೂವರೆ ಮಿ.ಮೀ. ಗೋಡೆ ಸವೆಯುವುದಕ್ಕೆ ವರ್ಷಗಳೇ ಬೇಕು.

304 ಸ್ಟೇನ್‌ಲೆಸ್ ಬಿಸಿಯಲ್ಲಿ ಹೆಚ್ಚು ಬಲ ಉಳಿಸಿಕೊಳ್ಳುತ್ತದೆ, ತುಕ್ಕು ಹಿಡಿಯುವುದಿಲ್ಲ. ಕಾದು ತಣ್ಣಗಾಗುವ ಕೆಲಸಕ್ಕೆ ಅದರ ಮಿತಿ ಸುಮಾರು 870 ಡಿಗ್ರಿ. ಒಂದೇ ಸಮ ಕಾದಿರುವ ಕೆಲಸಕ್ಕಾದರೆ 925. ವಿಚಿತ್ರ ಅನ್ನಿಸಬಹುದು. ಹಿಗ್ಗಿ ಕುಗ್ಗುವಾಗ ಮೇಲಿನ ಕಾಪಿನ ಪೊರೆ ಒಡೆಯುತ್ತದೆ, ಅದಕ್ಕೇ ಮಿತಿ ಕಡಿಮೆ. ಕಾರು ಸದಾ ಕಾದು ತಣ್ಣಗಾಗುವ ವಸ್ತು. ಇನ್ನೊಂದು ತೊಂದರೆ: 425ರಿಂದ 815 ಡಿಗ್ರಿ ನಡುವೆ ಬಹಳ ಹೊತ್ತು ಇದ್ದರೆ 304ರೊಳಗಿನ ಇಂಗಾಲ ಕ್ರೋಮಿಯಂ ಜೊತೆ ಸೇರಿ ಹರಳಿನ ಅಂಚುಗಳಲ್ಲಿ ಕೂರುತ್ತದೆ. ಆ ಅಂಚುಗಳು ದುರ್ಬಲವಾಗುತ್ತವೆ. ಇದನ್ನು ತಡೆಯುವುದಕ್ಕೇ 321ರಲ್ಲಿ ಟೈಟಾನಿಯಂ ಸೇರಿಸಿರುತ್ತಾರೆ. ತೆಳು ಗೋಡೆಯ ಹಗುರ ಮ್ಯಾನಿಫೋಲ್ಡ್ ಬೇಕು, ರೇಸಿಗೆ ಓಡಿಸುತ್ತೀರಿ ಅಂದರೆ 321ಕ್ಕೆ ಹೋಗಿ. ದಪ್ಪ ಗೋಡೆ ಸಾಕು ಅಂದರೆ 304ಎಲ್ (ಇಂಗಾಲ ಕಡಿಮೆ ಇರುವ 304) ಸಾಕು.

ಡೀಸೆಲ್ಲಿನ ಹೊಗೆ ಪೆಟ್ರೋಲಿಗಿಂತ ತಂಪು, ಸಾಮಾನ್ಯವಾಗಿ 700–850 ಡಿಗ್ರಿ. ಅಲ್ಲಿ ಎಂ.ಎಸ್. ಧಾರಾಳವಾಗಿ ಸಾಕು.

ಅಂಗಡಿಯವರು 304 ಅಂತ ಕೊಟ್ಟರು. ಆಯಸ್ಕಾಂತ ಹಿಡಿಯಲಿಲ್ಲ. ಸರಿಯಾಗಿದೆ ಅಲ್ವಾ?

ಅದರಿಂದ ಏನೂ ತಿಳಿಯುವುದಿಲ್ಲ. 202 ಸ್ಟೇನ್‌ಲೆಸ್ಸಿಗೂ ಆಯಸ್ಕಾಂತ ಹಿಡಿಯುವುದಿಲ್ಲ. ನಮ್ಮಲ್ಲಿ ಗೇಟು, ಕಂಬಿ, ರೇಲಿಂಗಿಗೆ ಬರುವ ಪೈಪುಗಳಲ್ಲಿ 202 ಬಹಳ. ಅದರಲ್ಲಿ ನಿಕ್ಕಲ್ ಕಡಿಮೆ ಮಾಡಿ ಮ್ಯಾಂಗನೀಸ್ ತುಂಬಿರುತ್ತಾರೆ. ಗುಜರಿಯವರ ಹತ್ತಿರ, ಸ್ಟೀಲ್ ವ್ಯಾಪಾರಿಗಳ ಹತ್ತಿರ ಬ್ಯಾಟರಿ ಜೊತೆಗೆ ಬರುವ ಸಣ್ಣ ಟೆಸ್ಟಿಂಗ್ ದ್ರವದ ಶೀಶೆ ಇರುತ್ತದೆ. ಒಂದು ಹನಿ ಹಾಕಿ ಬಣ್ಣ ನೋಡಿದರೆ 200ರ ಸರಣಿಯೋ 304ಓ ಅಂತ ಗೊತ್ತಾಗುತ್ತದೆ. ದೊಡ್ಡ ಅಂಗಡಿಯಾದರೆ ಮಿಲ್ ಸರ್ಟಿಫಿಕೇಟ್ ಕೇಳಿ.

ಮನೆಯಲ್ಲಿ ಜಿಐ ಪೈಪು ಉಳಿದಿದೆ. ಬಳಸಬಹುದಾ?

ಬೇಡವೇ ಬೇಡ. ಸತುವಿನ ಲೇಪ ಬೆಸುಗೆಯಲ್ಲಿ ಬಿಳಿ ಹೊಗೆಯಾಗುತ್ತದೆ. ಅದನ್ನು ಕುಡಿದವರಿಗೆ ಸಂಜೆ ಹೊತ್ತಿಗೆ ಚಳಿಜ್ವರ ಬರುತ್ತದೆ. ಬೆಸುಗೆಯೂ ರಂಧ್ರ ರಂಧ್ರವಾಗುತ್ತದೆ.

ಬಿರುಕು ಯಾಕೆ ಬಿಡುತ್ತದೆ? ವೆಲ್ಡಿಂಗ್ ಸರಿ ಇಲ್ಲ ಅಂತಲೇ?

ಕೆಲವು ಸಲ ಹೌದು. ಬಹಳ ಸಲ ಹಿಗ್ಗುವುದಕ್ಕೆ ಜಾಗ ಬಿಟ್ಟಿರುವುದಿಲ್ಲ. 300 ಮಿ.ಮೀ. ಉದ್ದದ ರನ್ನರ್ 30ರಿಂದ 700 ಡಿಗ್ರಿಗೆ ಏರಿದರೆ ಎಂ.ಎಸ್. ಆದರೆ ಹತ್ತಿರ ಹತ್ತಿರ 3 ಮಿ.ಮೀ. ಉದ್ದವಾಗುತ್ತದೆ. 304 ಆದರೆ 3.7 ಮಿ.ಮೀ. ಒಂದು ತುದಿ ಹೆಡ್ಡಿಗೆ ಬಿಗಿದಿದೆ, ಇನ್ನೊಂದು ತುದಿ ಕಲೆಕ್ಟರಿಗೆ. ಗಿಡ್ಡ ನೇರ ರನ್ನರ್ ಒಂದು, ಉದ್ದ ಬಳಸು ರನ್ನರ್ ಇನ್ನೊಂದು ಇದ್ದರೆ ಎರಡೂ ಬೇರೆ ಬೇರೆ ಪ್ರಮಾಣದಲ್ಲಿ ಹಿಗ್ಗಿ ಕಲೆಕ್ಟರನ್ನು ಎಳೆದಾಡುತ್ತವೆ. ಬಿರುಕು ಬೀಳುವುದು ಅಲ್ಲೇ, ಬೆಸುಗೆಯ ಅಂಚಿನಲ್ಲಿ. ಎರಡು ಪೈಪು ಕೂಡುವ ಇಕ್ಕಟ್ಟಿನ ಸಂದಿ, ವೇಸ್ಟ್‌ಗೇಟ್ ಪೈಪು ಹೊರಡುವ ಮೂಲೆ ಇವೂ ಮಾಮೂಲಿ ಜಾಗಗಳು.

ಸಮ ಉದ್ದಕ್ಕೆ ಇಲ್ಲೊಂದು ಒಳ್ಳೆಯ ಕಾರಣ ಇದೆ ನೋಡಿ. ಪವರಿಗಲ್ಲ, ಎಲ್ಲವೂ ಒಂದೇ ಪ್ರಮಾಣದಲ್ಲಿ ಹಿಗ್ಗಲಿ ಅಂತ. ಪ್ರತಿ ರನ್ನರ್‌ನಲ್ಲೂ ಒಂದು ಬಾಗು ಇದ್ದರೆ ಅದು ಸ್ವಲ್ಪ ಮಣಿಯುತ್ತದೆ. ನೇರ ಕೋಲು ಮಣಿಯುವುದಿಲ್ಲ.

ಹೆಡ್ ಫ್ಲೇಂಜ್ ಎಷ್ಟು ದಪ್ಪ? ಒಂದೇ ಪಟ್ಟಿಯೋ, ಬಿಡಿ ಬಿಡಿಯೋ?

10–12 ಮಿ.ಮೀ. ಪ್ಲೇಟು. 6 ಮಿ.ಮೀ. ಹಾಕಿದರೆ ಬೆಸುಗೆಗೇ ಬಾಳೆಕಾಯಿ ಹಾಗೆ ಬಾಗುತ್ತದೆ. ಗ್ಯಾಸ್ಕೆಟ್ಟನ್ನು ಸ್ಕ್ಯಾನ್ ಮಾಡಿ ಡ್ರಾಯಿಂಗ್ ಮಾಡಿಕೊಟ್ಟರೆ ಪೀಣ್ಯದಂಥ ಕಡೆ ಲೇಸರ್ ಕಟಿಂಗ್ ಮಾಡುವವರು ಬೇಕಾದಷ್ಟು ಜನ ಇದ್ದಾರೆ. ಮೊದಲು ಕಾರ್ಡ್‌ಬೋರ್ಡಿನಲ್ಲಿ ಕತ್ತರಿಸಿ ಹೆಡ್ಡಿನ ಮೇಲೆ ಇಟ್ಟು ನೋಡಿ.

ಹಿಗ್ಗುವಿಕೆ ಫ್ಲೇಂಜಿಗೂ ಇದೆ. 400 ಮಿ.ಮೀ. ಉದ್ದದ ಎಂ.ಎಸ್. ಫ್ಲೇಂಜು 450 ಡಿಗ್ರಿ ಏರಿದರೆ ಸುಮಾರು 2.4 ಮಿ.ಮೀ. ಬೆಳೆಯುತ್ತದೆ. ಅಲ್ಯೂಮಿನಿಯಂ ಹೆಡ್ಡು ನೀರಿನಿಂದ ತಂಪಾಗಿರುವುದರಿಂದ ಮುಕ್ಕಾಲು ಮಿ.ಮೀ. ಕೂಡ ಬೆಳೆಯುವುದಿಲ್ಲ. ಅಂದರೆ ಎರಡೂ ತುದಿಯಲ್ಲಿ ತಲಾ ಒಂದು ಮಿ.ಮೀ. ಹತ್ತಿರ ಸರಿದಾಟ. ತುದಿಯ ಸ್ಟಡ್‌ಗಳೇ ಯಾವಾಗಲೂ ಮುರಿಯುವುದು ಇದಕ್ಕೇ. 8 ಮಿ.ಮೀ. ಸ್ಟಡ್ಡಿಗೆ ನಡುವಿನ ತೂತು 8.5 ಇರಲಿ, ತುದಿಗೆ ಹೋಗುತ್ತಾ 10 ಮಾಡಿ. ಬೆಸುಗೆ, ಗ್ರೈಂಡಿಂಗ್ ಎಲ್ಲ ಮುಗಿದ ಮೇಲೆ ಪೋರ್ಟುಗಳ ನಡುವೆ ಫ್ಲೇಂಜನ್ನು ಗರಗಸದಲ್ಲಿ ಸೀಳಿಬಿಟ್ಟರೆ ಇನ್ನೂ ಒಳ್ಳೆಯದು. ಪ್ರತಿ ಪೋರ್ಟೂ ತನ್ನಷ್ಟಕ್ಕೆ ತಾನು ಸರಿಯುತ್ತದೆ.

ಕಟ್ಟುವ ಕ್ರಮ ಹೇಳಿ.

ಪೈಪು ಕತ್ತರಿಸುವುದರಿಂದ ಶುರುಮಾಡಬೇಡಿ. ಟರ್ಬೋ ಎಲ್ಲಿ ಕೂರುತ್ತದೆ ಅನ್ನುವುದರಿಂದ ಶುರುಮಾಡಿ. ಎಂಜಿನ್ ಕಾರಿನೊಳಗೇ ಇರಲಿ. ರೇಡಿಯೇಟರ್, ಫ್ಯಾನ್, ಬ್ರೇಕ್ ಪೈಪು, ಸ್ಟೀರಿಂಗ್ ರಾಡು ಎಲ್ಲ ಜಾಗದಲ್ಲಿರಲಿ. ಟರ್ಬೋವನ್ನು ಕಂಬಿಯಲ್ಲಿ ತೂಗುಹಾಕಿಯೋ ಕೆಳಗಿನಿಂದ ಸ್ಟ್ಯಾಂಡ್ ಕೊಟ್ಟೋ ನಿಲ್ಲಿಸಿ. ಶಾಫ್ಟು ಮಟ್ಟವಾಗಿರಬೇಕು, ಆಯಿಲ್ ವಾಪಸ್ ಹೋಗುವ ಬಾಯಿ ಕೆಳಗೆ ನೋಡಬೇಕು. ಆ ಪೈಪು ಎಲ್ಲೂ ಮೇಲಕ್ಕೆ ಏರದೆ ಎಂಜಿನ್ ಅಡಿಯ ಆಯಿಲ್ ಸಂಪ್‌ಗೆ ಇಳಿಯಬೇಕು. ಅದಾದ ಮೇಲೆ ಡೌನ್‌ಪೈಪಿಗೆ ದಾರಿ ಇದೆಯಾ, ಬಾನೆಟ್ ಮುಚ್ಚುತ್ತದಾ ನೋಡಿ. ಎಂಜಿನ್ ಮೌಂಟಿನ ಮೇಲೆ ಓಲಾಡುವುದಕ್ಕೂ ಜಾಗ ಬಿಡಿ. ಕೊನೆಗೆ ಒಂದು ಪಾನಾ ಹಿಡಿದು ಪ್ರತಿಯೊಂದು ನಟ್ಟಿಗೂ ಕೈ ಹೋಗುತ್ತದಾ ಅಂತ ನೋಡಿ. ಇದನ್ನು ಮರೆತವರು ಒಂದು ನಟ್ಟು ಬಿಗಿ ಮಾಡುವುದಕ್ಕೆ ಇಡೀ ಟರ್ಬೋ ಇಳಿಸುತ್ತಾರೆ.

ಆಮೇಲೆ ಹೆಡ್ ಫ್ಲೇಂಜ್ ಬೋಲ್ಟ್ ಮಾಡಿ, ಟರ್ಬೋ ಫ್ಲೇಂಜ್ ಟರ್ಬೋಗೆ ಬೋಲ್ಟ್ ಮಾಡಿ. ಈಗ ಉಳಿದದ್ದು ಇವೆರಡರ ನಡುವಿನ ಜಾಗ. ಒಂದೂಕಾಲು ಇಂಚಿನ ಲಾಂಗ್ ರೇಡಿಯಸ್ ಎಲ್ಬೋದ ಬಾಗಿನ ರೇಡಿಯಸ್ಸು ಸುಮಾರು 48 ಮಿ.ಮೀ. ಅದನ್ನು ಯಾವ ಕೋನಕ್ಕೆ ಬೇಕಾದರೂ ಕತ್ತರಿಸಬಹುದು. ಪ್ರತಿ ತುಂಡಿಗೂ ನಂಬರ್ ಹಾಕಿ, ಕೂಡುವ ಕಡೆ ಅಡ್ಡಗೆರೆ ಎಳೆದುಕೊಳ್ಳಿ, ತಿರುಚಿದರೆ ಗೊತ್ತಾಗಲಿ. ಅತಿ ಕಷ್ಟದ ರನ್ನರ್ ಮೊದಲು ಮಾಡಿ. ಸುಲಭದ್ದನ್ನು ಹೇಗಾದರೂ ಹೊಂದಿಸಬಹುದು.

ಪೋರ್ಟಿನ ಕಡೆಯ ತುದಿಯನ್ನು ಉದ್ದುರುಟು ಮಾಡಲು ಪೋರ್ಟಿನ ಅಳತೆಯ ಒಂದು ಗಟ್ಟಿ ಉಕ್ಕಿನ ತುಂಡನ್ನು ಅಂಚು ದುಂಡಗೆ ಉಜ್ಜಿ ಇಟ್ಟುಕೊಳ್ಳಿ. ಪೈಪಿನ ತುದಿ ಕೆಂಪಗೆ ಕಾಯಿಸಿ, ವೈಸಿನಲ್ಲಿ ಸ್ವಲ್ಪ ಒತ್ತಿ, ತುಂಡನ್ನು ಒಳಗೆ ಬಡಿದು, ಮತ್ತೆ ಒತ್ತಿ. ಬದಿಯಲ್ಲಿ ಸುತ್ತಿಗೆಯಿಂದ ತಟ್ಟುತ್ತಾ ಹೋದರೆ ಪೈಪು ತುಂಡಿನ ಆಕಾರಕ್ಕೆ ಕೂರುತ್ತದೆ. ಫ್ಲೇಂಜಿನ ತೂತನ್ನು ಪೈಪಿನ ಹೊರ ಅಳತೆಗೆ ಕತ್ತರಿಸಿದ್ದರೆ ಪೈಪು ಅದರೊಳಗೆ ಇಳಿಯುತ್ತದೆ. ಮುಖದಿಂದ ಮೂರು ಮಿ.ಮೀ. ಒಳಗೇ ನಿಲ್ಲಿಸಿ, ಒಳಗಿನಿಂದಲೂ ಹೊರಗಿನಿಂದಲೂ ಬೆಸೆಯಿರಿ. ಆಮೇಲೆ ಮುಖ ಗ್ರೈಂಡ್ ಮಾಡಿದಾಗ ಒಳಗಿನ ಬೆಸುಗೆ ಕಿತ್ತು ಬರುವುದಿಲ್ಲ.

ಎಲ್ಲ ಟ್ಯಾಕ್ (ಅಲ್ಲಲ್ಲಿ ಚುಕ್ಕೆ ಬೆಸುಗೆ) ಆದ ಮೇಲೆ ಕಾರಿನಿಂದ ಇಳಿಸಿ. ಕಲೆಕ್ಟರಿನ ಒಳಬೆಸುಗೆ ಮೊದಲು ಮುಗಿಸಿ, ಆಮೇಲೆ ಅಲ್ಲಿಗೆ ವೆಲ್ಡಿಂಗ್ ಟಾರ್ಚ್ ಹೋಗುವುದಿಲ್ಲ. ಪೂರ್ತಿ ಬೆಸುಗೆಗೆ ಫ್ಲೇಂಜನ್ನು 20–25 ಮಿ.ಮೀ. ದಪ್ಪದ ಪ್ಲೇಟಿಗೋ ಗುಜರಿಯ ಹಳೆ ಹೆಡ್ಡಿಗೋ ಬಿಗಿಯಿರಿ. ಒಂದು ರನ್ನರ್‌ನಲ್ಲಿ ಸ್ವಲ್ಪ, ಇನ್ನೊಂದರಲ್ಲಿ ಸ್ವಲ್ಪ ಅಂತ ಜಾಗ ಬದಲಾಯಿಸುತ್ತಾ ಹೋಗಿ. ಮುಗಿದ ಮೇಲೆ ಬಿಗಿದ ಹಾಗೇ ಪೂರ್ತಿ ತಣ್ಣಗಾಗಲು ಬಿಡಿ. ಆತುರಕ್ಕೆ ನೀರು ಹಾಕುವವರೂ ಇದ್ದಾರೆ!

ಎಷ್ಟು ಹುಷಾರಾಗಿದ್ದರೂ ಫ್ಲೇಂಜ್ ಸ್ವಲ್ಪ ಸೊಟ್ಟ ಆಗಿಯೇ ಆಗುತ್ತದೆ. ಎಂಜಿನ್ ರೀಬೋರ್ ಮಾಡುವ ಯಾವ ಮೆಷಿನ್ ಶಾಪಿನಲ್ಲಾದರೂ ಸರ್ಫೇಸ್ ಗ್ರೈಂಡಿಂಗ್ ಮಾಡಿಕೊಡುತ್ತಾರೆ. ನೇರ ಪಟ್ಟಿ ಇಟ್ಟರೆ 0.1 ಮಿ.ಮೀ. ಫೀಲರ್ ಗೇಜ್ ಎಲ್ಲೂ ನುಸುಳಬಾರದು.

ಯಾವ ವೆಲ್ಡಿಂಗ್? ಯಾವ ರಾಡ್?

ಟಿಗ್, ಅಂದರೆ ನಮ್ಮ ಕಡೆ ಆರ್ಗಾನ್ ವೆಲ್ಡಿಂಗ್ ಅನ್ನುವುದು. ದಪ್ಪ ಎಂ.ಎಸ್. ಪೈಪಿಗೆ ಸಿಓಟು ವೆಲ್ಡಿಂಗ್ ಕೂಡ ನಡೆಯುತ್ತದೆ. ಆದರೆ ಒಳಗೆ ಹಾರಿದ ಬೆಸುಗೆಯ ಕಾಳುಗಳನ್ನು ಒಂದೂ ಬಿಡದೆ ತೆಗೆಯಬೇಕು. ಟರ್ಬೈನ್ ನಿಮಿಷಕ್ಕೆ ಲಕ್ಷ ಸುತ್ತಿಗೂ ಮೇಲೆ ತಿರುಗುತ್ತದೆ. ಒಂದು ಕಾಳು ಬಡಿದರೂ ರೆಕ್ಕೆ ಹೋಯಿತು.

304ಕ್ಕೆ 308ಎಲ್ ರಾಡ್, 321ಕ್ಕೆ 347, ಎಂ.ಎಸ್. ಫ್ಲೇಂಜಿಗೆ ಸ್ಟೇನ್‌ಲೆಸ್ ಪೈಪು ಬೆಸೆಯುವಾಗ 309ಎಲ್. ಸ್ಟೇನ್‌ಲೆಸ್ ಆದರೆ ಪೈಪಿನ ಒಳಗೂ ಆರ್ಗಾನ್ ತುಂಬಿರಬೇಕು. ತುದಿಗಳನ್ನು ಅಲ್ಯೂಮಿನಿಯಂ ಟೇಪಿನಿಂದ ಮುಚ್ಚಿ, ಒಂದು ಕಡೆ ಗ್ಯಾಸ್ ಬಿಟ್ಟು ಇನ್ನೊಂದು ಕಡೆ ಸಣ್ಣ ತೂತು ಮಾಡಿದರೆ ಆಯಿತು. ಇದನ್ನು ಬಿಟ್ಟರೆ ಬೆಸುಗೆಯ ಒಳಮೈ ಕಪ್ಪಗೆ ಹುರುಕು ಹುರುಕಾಗುತ್ತದೆ. ಹೊರಗಿನಿಂದ ನೋಡಿದರೆ ಬಣ್ಣ ಬಣ್ಣದ ಚೆಂದದ ಗೆರೆ, ಒಳಗೆ ಅರ್ಧ ದಪ್ಪವೂ ಗಟ್ಟಿ ಇರುವುದಿಲ್ಲ. ಆ ಹುರುಕು ಉದುರಿ ಹೋಗುವುದೂ ಟರ್ಬೈನಿಗೇ.

ವೇಸ್ಟ್‌ಗೇಟ್ ಎಲ್ಲಿ ಹಾಕಲಿ? ಎಷ್ಟು ದೊಡ್ಡದು?

ನಾಲ್ಕೂ ಸಿಲಿಂಡರಿನ ಹೊಗೆ ಸೇರಿದ ಮೇಲೆ, ಕಲೆಕ್ಟರಿನ ಹತ್ತಿರ. ಹೊಗೆ ಹೋಗುವ ದಿಕ್ಕಿನಲ್ಲೇ ಓರೆಯಾಗಿ ಕವಲೊಡೆಯಬೇಕು. ಒಂದೇ ರನ್ನರ್‌ಗೆ ಸಿಕ್ಕಿಸಿದರೆ, ಇಲ್ಲವೇ ಹೊಗೆ ಹಿಂದಕ್ಕೆ ತಿರುಗಿ ಹೋಗುವಂತೆ ಇಟ್ಟರೆ, ಗೇಟ್ ಪೂರ್ತಿ ತೆರೆದರೂ ಬೂಸ್ಟ್ ಏರುತ್ತಲೇ ಹೋಗುತ್ತದೆ. ಎಂಜಿನ್ ಒಡೆಯುವುದಕ್ಕೆ ಇದಕ್ಕಿಂತ ಸುಲಭದ ದಾರಿ ಇಲ್ಲ.

ಸೈಜಿನ ವಿಷಯದಲ್ಲಿ ಜನ ಉಲ್ಟಾ ಯೋಚಿಸುತ್ತಾರೆ. ಬೂಸ್ಟ್ ಕಡಿಮೆ ಇಡಬೇಕಾದರೆ ಹೆಚ್ಚು ಹೊಗೆಯನ್ನು ಪಕ್ಕಕ್ಕೆ ಬಿಡಬೇಕು, ಅಂದರೆ ಗೇಟ್ ದೊಡ್ಡದಿರಬೇಕು. ಈ ಅಳತೆಯ ಎಂಜಿನ್ನಿಗೆ ಸಾಮಾನ್ಯವಾಗಿ 38 ಮಿ.ಮೀ. ಸಾಕು. ದೊಡ್ಡ ಎಂಜಿನ್, ಸಣ್ಣ ಬೂಸ್ಟ್ ಅಂದರೆ 44ಕ್ಕೆ ಹೋಗಿ. ಟ್ವಿನ್ ಸ್ಕ್ರೋಲ್ ಆದರೆ ಎರಡೂ ಕಡೆಯಿಂದ ಹೊಗೆ ತೆಗೆಯಬೇಕು. ಟರ್ಬೋದಲ್ಲೇ ವೇಸ್ಟ್‌ಗೇಟ್ ಇದ್ದು ಬೂಸ್ಟ್ ಸಾಧಾರಣ ಇದ್ದರೆ ಹೊರಗಿನದು ಬೇಡ, ಕೆಲಸ ಕಮ್ಮಿ.

ಟರ್ಬೋಗೆ ಬೇರೆ ಆಧಾರ ಕೊಡಬೇಕಾ?

ಎರಕದ ಗಿಡ್ಡ ಮ್ಯಾನಿಫೋಲ್ಡಿಗೆ ಬೇಡ. ಟ್ಯೂಬುಲರ್‌ಗೆ ಬೇಕು. ಆಧಾರವನ್ನು ಎಂಜಿನ್ ಬ್ಲಾಕಿಗೇ ಕೊಡಿ, ಕಾರಿನ ಬಾಡಿಗೆ ಯಾವತ್ತೂ ಕೊಡಬೇಡಿ. ಎಂಜಿನ್ ಓಲಾಡುತ್ತದೆ, ಬಾಡಿ ನಿಂತಿರುತ್ತದೆ, ನಡುವೆ ಸಿಕ್ಕಿದ್ದು ಮುರಿಯುತ್ತದೆ. ಆಧಾರ ತೂಕ ಹೊರಬೇಕು, ಆದರೆ ಹಿಗ್ಗುವುದನ್ನು ತಡೆಯಬಾರದು. ಎರಡೂ ತುದಿಗೆ ರಾಡ್ ಎಂಡ್ (ಓರೆಯಾಗಿಯೂ ತಿರುಗುವ ಗುಂಡು ಕೀಲು) ಇರುವ ಕಡ್ಡಿ ಒಳ್ಳೆಯದು. ಉದ್ದ ತೂತಿನ ಪಟ್ಟಿಯೂ ನಡೆಯುತ್ತದೆ. ಡೌನ್‌ಪೈಪಿನಲ್ಲಿ ಫ್ಲೆಕ್ಸ್ ತುಂಡು ಹಾಕುವುದನ್ನು ಮರೆಯಬೇಡಿ. ಇಡೀ ಸೈಲೆನ್ಸರ್ ಲೈನು ಟರ್ಬೋಗೆ ಜೋತುಬಿದ್ದಿರುವುದನ್ನು ಎಷ್ಟೋ ಕಡೆ ನೋಡಬಹುದು.

ಎಕ್ಸಾಸ್ಟ್ ರ್ಯಾಪ್ (ಶಾಖ ತಡೆಯುವ ಪಟ್ಟಿ) ಸುತ್ತಲಾ?

ಬಾನೆಟ್ ಒಳಗಿನ ಶಾಖ ಕಡಿಮೆಯಾಗುತ್ತದೆ, ಟರ್ಬೋಗೆ ಹೋಗುವ ಹೊಗೆ ಬಿಸಿಯಾಗಿಯೇ ಉಳಿಯುತ್ತದೆ. ಆದರೆ ಪೈಪಿನ ಲೋಹ ಇನ್ನೂ ಬಿಸಿಯಾಗುತ್ತದೆ. ಸುತ್ತಿನ ಒಳಗೆ ಬಿರುಕು ಬಿಟ್ಟರೂ ಕಾಣುವುದಿಲ್ಲ, ಮಳೆಗಾಲದಲ್ಲಿ ತೇವ ಹಿಡಿದಿಟ್ಟು ಎಂ.ಎಸ್. ಅನ್ನು ತಿನ್ನುತ್ತದೆ. ಮ್ಯಾನಿಫೋಲ್ಡಿಗೆ ನಾನು ತಗಡಿನ ಹೀಟ್ ಶೀಲ್ಡ್ ಹಾಕಿ ಅನ್ನುತ್ತೇನೆ, ಗಾಳಿಯಾಡಲು ಸಂದಿ ಬಿಟ್ಟು. ರ್ಯಾಪ್ ಡೌನ್‌ಪೈಪಿಗೆ ಇರಲಿ.

ಸೆನ್ಸರ್‌ಗಳು?

ಆಕ್ಸಿಜನ್ ಸೆನ್ಸರ್ ಟರ್ಬೋ ದಾಟಿದ ಮೇಲೆ, ಡೌನ್‌ಪೈಪಿನಲ್ಲಿ. ಮ್ಯಾನಿಫೋಲ್ಡಿನಲ್ಲಿ ಹಾಕಿದರೆ ಒತ್ತಡದಿಂದ ರೀಡಿಂಗ್ ತಪ್ಪುತ್ತದೆ, ಬಿಸಿಗೆ ಸೆನ್ಸರೂ ಬೇಗ ಸಾಯುತ್ತದೆ. ಹೊಗೆಯ ಉಷ್ಣತೆ ಅಳೆಯುವ ಪ್ರೋಬ್ ಮಾತ್ರ ಟರ್ಬೋಗಿಂತ ಮೊದಲು. ಟರ್ಬೋ ಆಚೆಗೆ ಅಳೆದರೆ ಲೋಡಿನಲ್ಲಿ ನಿಜಕ್ಕಿಂತ ನೂರು ಡಿಗ್ರಿಗೂ ಹೆಚ್ಚು ಕೆಳಗೆ ತೋರಿಸುತ್ತದೆ. ಅದನ್ನು ನಂಬಿ ಓಡಿಸಿದರೆ ಪಿಸ್ಟನ್ ಕರಗುತ್ತದೆ.

ಆನ್‌ಲೈನಿನಲ್ಲಿ ಅಗ್ಗಕ್ಕೆ ಸಿಗುವ ರೆಡಿ ಮ್ಯಾನಿಫೋಲ್ಡ್ ತಗೊಳ್ಳಬಹುದಾ?

ಕೆಲವು ಪರವಾಗಿಲ್ಲ, ಬಹಳಷ್ಟು ಹೊಳಪಷ್ಟೇ. ಕೈಗೆ ಬಂದ ತಕ್ಷಣ ವರ್ನಿಯರ್‌ನಲ್ಲಿ ಗೋಡೆಯ ದಪ್ಪ ಅಳೆಯಿರಿ. 2 ಮಿ.ಮೀ.ಗಿಂತ ಕಡಿಮೆ ಇದ್ದು 304 ಆಗಿದ್ದರೆ ಟರ್ಬೋ ಹೊರುವುದಕ್ಕೆ ಅದು ಸಾಲದು. ಫ್ಲೇಂಜಿನ ಮೇಲೆ ನೇರ ಪಟ್ಟಿ ಇಡಿ. ಕಲೆಕ್ಟರಿನೊಳಗೆ ಟಾರ್ಚ್ ಬಿಟ್ಟು ಪೈಪುಗಳ ನಡುವಿನ ಸಂದಿ ಬೆಸೆದಿದ್ದಾರಾ ನೋಡಿ, ಹಲವರು ಹೊರಗಿನಿಂದ ಮಾತ್ರ ಬೆಸೆದು ಬಿಟ್ಟಿರುತ್ತಾರೆ. ಪೋರ್ಟಿನೊಳಗೆ ಬೆರಳಾಡಿಸಿ. ಒಳಗೆ ಇಳಿದ ಬೆಸುಗೆಯ ಗಂಟು ತಗುಲಿದರೆ ಗ್ರೈಂಡರಿನಿಂದ ಉಜ್ಜಿ.

ಬೆಳಗಾವಿಯಲ್ಲಿ ಎರಕ ಹೊಯ್ಯಿಸಿದರೆ ಹೇಗೆ?

ಬೆಳಗಾವಿಯ ಫೌಂಡ್ರಿಗಳಿಗೆ ವಾಹನದ ಬಿಡಿಭಾಗಗಳ ಎರಕ ಹೊಸದಲ್ಲ, ಹೊಯ್ಯುವುದು ಸಾಧ್ಯ. ಖರ್ಚಿರುವುದು ಲೋಹಕ್ಕಲ್ಲ, ಅಚ್ಚಿನ ಮಾದರಿಗೆ. ಒಂದೇ ಮ್ಯಾನಿಫೋಲ್ಡಿಗಾಗಿ ಮಾಡಿಸುವುದು ದುಡ್ಡು ದಂಡ. ಒಂದೇ ಬಗೆಯ ಕಾರಿನ ಗೆಳೆಯರು ಸೇರಿ ಹತ್ತಿಪ್ಪತ್ತು ಮಾಡಿಸುವುದಾದರೆ ಯೋಚಿಸಬಹುದು. ಆಗಲೂ ಮಾಮೂಲಿ ಬೀಡು ಕಬ್ಬಿಣ ಬೇಡ. ಸುಮಾರು 4 ಶೇಕಡಾ ಸಿಲಿಕಾನ್, ಒಂದು ಶೇಕಡಾದೊಳಗೆ ಮಾಲಿಬ್ಡಿನಂ ಸೇರಿಸಿದ ಡಕ್ಟೈಲ್ ಕಬ್ಬಿಣ ಕೇಳಿ. ಕಾರು ಕಂಪನಿಗಳು ಬಳಸುವುದೂ ಇದನ್ನೇ. 850 ಡಿಗ್ರಿ ಆಸುಪಾಸಿನ ತನಕ ತಡೆಯುತ್ತದೆ. ಅದರಾಚೆಗೆ ನಿಕ್ಕಲ್ ತುಂಬಿದ ನೈ-ರೆಸಿಸ್ಟ್ ಅಥವಾ ಎರಕದ ಸ್ಟೇನ್‌ಲೆಸ್.

ಬಿರುಕು ಬಿಟ್ಟಿದೆ. ವೆಲ್ಡ್ ಮಾಡಿಸಿದರೆ ಆಗುತ್ತಾ?

ಪೈಪಿನದ್ದಾದರೆ ಆಗುತ್ತದೆ. ಡೈ ಪೆನಿಟ್ರೆಂಟ್ ಸ್ಪ್ರೇ (ಬಿರುಕಿನೊಳಗೆ ಇಳಿದು ಅದನ್ನು ಬಣ್ಣದಲ್ಲಿ ತೋರಿಸುವ ದ್ರವ) ಹಾಕಿ ಬಿರುಕಿನ ನಿಜವಾದ ತುದಿ ಹುಡುಕಿ. ಕಣ್ಣಿಗೆ ಕಾಣುವುದಕ್ಕಿಂತ ಅದು ಉದ್ದ ಇರುತ್ತದೆ. ತುದಿಯಲ್ಲಿ 3 ಮಿ.ಮೀ. ತೂತು ಕೊರೆದು, ಬಿರುಕನ್ನು ವಿ ಆಕಾರಕ್ಕೆ ಅಗೆದು, ಲೋಹ ಹೊಳೆಯುವಂತೆ ಉಜ್ಜಿ ಬೆಸೆಯಿರಿ. ಅದೇ ಜಾಗ ಮತ್ತೆ ಒಡೆದರೆ ಮೂರನೇ ಸಲ ಬೆಸೆಯಬೇಡಿ. ಎಲ್ಲೋ ಎಳೆತ ಇದೆ, ಆಧಾರದ ಕಡ್ಡಿಯನ್ನೂ ಡೌನ್‌ಪೈಪನ್ನೂ ಬಿಚ್ಚಿ ನೋಡಿ.

ಎರಕದ್ದನ್ನು ನಿಕ್ಕಲ್ ರಾಡಿನಿಂದ, ಮೊದಲು ಕಾಯಿಸಿ, ಬೆಸೆದು, ನಿಧಾನ ತಣಿಸಿ ಸರಿಮಾಡುವವರಿದ್ದಾರೆ. ಊರಿಗೆ ಮುಟ್ಟಲು ಸಾಕು. ಟರ್ಬೋ ಬಿಸಿಯಲ್ಲಿ ಅದು ಬಹಳ ದಿನ ಬಾಳುವುದಿಲ್ಲ.

ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಟಿಕ್ ಟಿಕ್ ಅನ್ನುತ್ತದೆ, ಬಿಸಿಯಾದ ಮೇಲೆ ನಿಲ್ಲುತ್ತದೆ.

ಫ್ಲೇಂಜಿನಲ್ಲಿ ಸೋರಿಕೆ. ಬಿಸಿಗೆ ಹಿಗ್ಗಿ ಸಂದಿ ಮುಚ್ಚಿಕೊಳ್ಳುತ್ತದೆ. ಗ್ಯಾಸ್ಕೆಟ್ ಸುತ್ತ ಕಪ್ಪು ಮಸಿ ಇರುತ್ತದೆ. ತಣ್ಣಗಿರುವಾಗ ಸೈಲೆನ್ಸರ್ ಬಾಯಿಗೆ ಬ್ಲೋವರ್ ಹಿಡಿದು ಸೋಪಿನ ನೀರು ಚಿಮುಕಿಸಿದರೆ ಗುಳ್ಳೆ ಬರುತ್ತದೆ. ತಡಮಾಡಬೇಡಿ. ಕಾರ್ಬನ್ ಮಾನಾಕ್ಸೈಡ್ ಎಸಿ ಮೂಲಕ ಒಳಗೆ ಬರಬಹುದು.

ಹೊಸ ಮ್ಯಾನಿಫೋಲ್ಡ್ ಹಾಕಿ ಒಂದೆರಡು ಸಲ ಕಾದು ತಣ್ಣಗಾದ ಮೇಲೆ ನಟ್ಟುಗಳನ್ನು ನಡುವಿನಿಂದ ಹೊರಕ್ಕೆ ಮತ್ತೊಮ್ಮೆ ಬಿಗಿ ಮಾಡಬೇಕು. ಗ್ಯಾಸ್ಕೆಟ್ ಪದರ ಪದರದ ಸ್ಟೀಲಿನದ್ದೇ ಇರಲಿ, ನಟ್ಟು ತಾಮ್ರ ಲೇಪದ ಲಾಕಿಂಗ್ ಬಗೆಯದ್ದಿರಲಿ.

ಆರ್‌ಟಿಓ ತೊಂದರೆ ಇದೆಯಾ?

ಇದೆ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಕಂಪನಿಯ ವಿವರಕ್ಕಿಂತ ಬೇರೆಯಾಗುವಂತೆ ವಾಹನ ಮಾರ್ಪಡಿಸುವ ಹಾಗಿಲ್ಲ. 2019ರ ತಿದ್ದುಪಡಿಯಲ್ಲಿ ಬಂದ 182ಎ ಪ್ರಕಾರ ಹಾಗೆ ಮಾಡಿಸಿದ ಮಾಲೀಕರಿಗೆ ಪ್ರತಿ ಮಾರ್ಪಾಡಿಗೆ ₹5,000 ದಂಡ, ಆರು ತಿಂಗಳ ತನಕ ಜೈಲು, ಅಥವಾ ಎರಡೂ ಆಗಬಹುದು. ವಿಮೆ ಕಂಪನಿಗೂ ಕ್ಲೇಮ್ ತಳ್ಳಿಹಾಕಲು ನೆಪ ಸಿಗುತ್ತದೆ. ಟರ್ಬೋ ಇಲ್ಲದ ಕಾರಿಗೆ ಟರ್ಬೋ ಕೂರಿಸುವುದು ಟ್ರ್ಯಾಕಿನ ಕಾರಿಗೆ, ರ‍್ಯಾಲಿ ಕಾರಿಗೆ ಇಟ್ಟುಕೊಳ್ಳಿ. ಅಲ್ಲೂ ನಿಮ್ಮ ಕ್ಲಾಸಿನ ನಿಯಮ ಏನು ಬಿಡುತ್ತದೆ ಅಂತ ಓದಿಕೊಂಡೇ ಪೈಪು ತನ್ನಿ.